ಇಪ್ಪತ್ತೆರಡನೇ ಮನೆಯ ಏಳು ಟೀವಿ

ಯಶೋಧಾ ಸಗಣಿ ನೀರಿನಲ್ಲಿ ಕೈ ಅದ್ದಿ ಹಿಂದಿನ ಖೋಲಿಯ ನೆಲ ಸಾರಿಸುತ್ತಿದ್ದಳು. ಮೂಲೆಯಿಂದ ಶುರು ಮಾಡಿ, ಅಂಗೈಯನ್ನು ಅರ್ಧ ಚಂದ್ರನಂತೆ ಆಡಿಸುತ್ತ, ಕುಕ್ಕರುಗಾಲಿನಲ್ಲೇ ಹಿಂದಕ್ಕೆ ಸರಿಯುತ್ತ ಬಾಗಿಲ ಕಡೆ ಬರುತ್ತಿದ್ದಳು. ಬಾಗಿಲಲ್ಲಿ ಅವ್ವ ಕೃಷ್ಣವ್ವ ಬುಟ್ಟಿ ಹಿಡಿದು ನಿಂತಿದ್ದಳು. ಮಗಳು ಕೈ ಚಾಚಿದರೆ ತಾಯಿ ಬುಟ್ಟಿ ಮುಂದೆ ಸರಿಸುವಳು. ಮಗಳು ಕೈ ಎಳೆದುಕೊಂಡರೆ ತಾಯಿ ಬುಟ್ಟಿ ಎಳೆದುಕೊಳ್ಳುವಳು.

ಹೋದ ವಾರದ ತನಕ ಈ ಖೋಲಿಯಲ್ಲಿ ಶೇಂಗಾ ಚೀಲ, ಮುರಿದ ಕುಂಟೆ ಮತ್ತು ಕಾವಿಗೆ ಕೂತ ಒಂದು ಕೋಳಿ ಇದ್ದವು. ಮೂರನ್ನೂ ಹೊರಗೆ ಹಾಕಿ, ಗೋಡೆಗೆ ಸುಣ್ಣ ಹೊಡೆದು, ಕಿಟಕಿಯ ಪಕ್ಕದಲ್ಲಿ ನೀಲಿ ಕಲಸಿ ನವಿಲೊಂದನ್ನು ಬರೆದವಳು ಯಶೋಧಾ. ಅದನ್ನು ನೋಡಿ ಅವ್ವ, "ಕೋಳಿ ಚಲೋ ಬಂದೈತಿ" ಎಂದಿದ್ದಳು. ಯಶೋಧಾ ತಿದ್ದಲಿಲ್ಲ. ತಿದ್ದುವುದು, ಎದುರಾಡುವುದು, ನಾಲ್ಕು ಜನರ ನಡುವೆ ಬಾಯಿ ಹಾಕುವುದು ಅವಳಿಗೆ ಬರುತ್ತಿರಲಿಲ್ಲ. ಏಳನೆಯ ಇಯತ್ತೆಗೆ ಸಾಲಿ ಬಿಟ್ಟವಳು, ಈಗ ಹತ್ತೊಂಬತ್ತು. ಬಾಯಿಗಿದ್ದ ಶಕ್ತಿಯೆಲ್ಲ ಕಣ್ಣಿಗೆ ಹೋಗಿತ್ತು. ಓಣಿಯಲ್ಲಿ ಯಾರ ಮನೆಯ ಎಮ್ಮೆ ಯಾವ ಕಾಲು ಕುಂಟುತ್ತದೆ, ಯಾವ ಅತ್ತೆ ಯಾವ ಸೊಸೆಯ ಮೇಲೆ ಎಷ್ಟು ದಿನದಿಂದ ಮುನಿದಿದ್ದಾಳೆ, ಎಲ್ಲವೂ ಅವಳಿಗೆ ಗೊತ್ತು. ಯಾರೂ ಕೇಳುತ್ತಿರಲಿಲ್ಲ, ಅವಳೂ ಹೇಳುತ್ತಿರಲಿಲ್ಲ.

ದಿನವೂ ಅವಳು ಟೆಂಪೋದಲ್ಲಿ ನಿಂತುಕೊಂಡೇ ಮುನವಳ್ಳಿಗೆ ಹೋಗಿ, ಅಲ್ಲಿ ಒಂದು ದರ್ಜಿ ಅಂಗಡಿಯಲ್ಲಿ ಅಂಗಿಗಳಿಗೆ ಕಾಜಾ ಗುಂಡಿ ಹಾಕುತ್ತಿದ್ದಳು. ಎರಡು ವರ್ಷವಾದರೂ ಅಂಗಡಿಯವನು ಅವಳ ಹೆಸರು ಕೇಳಿರಲಿಲ್ಲ. ಬೇಕಾದಾಗ "ಏ ಕಾಜಾ" ಎಂದು ಕರೆಯುತ್ತಿದ್ದ. ಅವಳೂ "ರೀ" ಎನ್ನುತ್ತಿದ್ದಳು.

ಈ ಖೋಲಿ ಅವಳನ್ನು ಆ ಅಂಗಡಿಯಿಂದ ಬಿಡಿಸಬೇಕಾಗಿತ್ತು.

ಎಂಟು ದಿನದ ಹಿಂದೆ ಅವರ ಊರು ಗಿಣಿಮಡ್ಡಿಗೆ ಧಾರವಾಡದ ಕಡೆಯಿಂದ ಸಪ್ನಾ ಮೇಡಂ ಬಂದಿದ್ದರು. ಪಿಎಚ್.ಡಿ. ಮಾಡುತ್ತಿರುವವರು. ನವಿಲುತೀರ್ಥದ ಡ್ಯಾಮು ಊರಿಗೆ ನಾಲ್ಕೇ ಕಿಲೋಮೀಟರು, ಸವದತ್ತಿ ಕೋಟೆ ಬಸ್ಸಿನಲ್ಲಿ ಅರ್ಧ ತಾಸು. ಹೀಗಾಗಿ ಅವರ ಅಭ್ಯಾಸಕ್ಕೆ ಈ ಊರೇ ಸರಿ ಎಂದು ಅವರ ಸರ್ ಹೇಳಿದ್ದರಂತೆ. ಗುಡಿಯ ಕಟ್ಟೆಗೆ ಬಟ್ಟೆಯ ಫಲಕ ಕಟ್ಟಿ ಜಾಗೃತಿ ಸಭೆ ಮಾಡಿದರು. "ಸುಸ್ಥಿರ ಪ್ರವಾಸೋದ್ಯಮದಲ್ಲಿ ಸ್ಥಳೀಯ ಸಮುದಾಯದ ಸಹಭಾಗಿತ್ವ" ಎಂದು ಮುಕ್ಕಾಲು ತಾಸು ಮಾತಾಡಿದರು. ಮುಂದಿನ ಸಾಲಿನಲ್ಲಿ ಕೂತ ಮುದಕವ್ವ ಮೊದಲ ಐದು ನಿಮಿಷಕ್ಕೇ ಗೊರಕೆ ಹೊಡೆದಳು. ಉಳಿದವರು ಕಣ್ಣು ತೆರೆದುಕೊಂಡೇ ಮಲಗಿದರು. ಕೊನೆಯಲ್ಲಿ ಮೇಡಂ, "ಬರುವ ವಾರ ಮನೆ ಮನೆಗೆ ಬಂದು ನಿಮ್ಮಲ್ಲಿ ಏನೇನಿದೆ ಬರೆದುಕೊಳ್ಳುತ್ತೇವೆ" ಎಂದಾಗ ಮಾತ್ರ ಇಡೀ ಸಭೆ ಧಡಕ್ಕನೆ ಎಚ್ಚರವಾಗಿ ಒಟ್ಟಿಗೆ ಬಾಯಿ ಹಾಕಿತು.

ಆ ಸಭೆಯಲ್ಲಿ ಮೇಡಂ ಯಶೋಧಾಳನ್ನು ತಮ್ಮ ಸಹಾಯಕ್ಕೆ ಆರಿಸಿಕೊಂಡಿದ್ದರು. "ನಾನು ಮಾತಾಡುವಾಗ ನಡುವೆ ಬಾಯಿ ಹಾಕದವಳು ನೀನೊಬ್ಬಳೇ" ಎಂದರು. ಓದಿಕೋ ಎಂದು ಒಂದು ಫಾರಂ ಕೊಟ್ಟರು. ನಲವತ್ತಾರು ಪ್ರಶ್ನೆ. ಯಶೋಧಾ ಒಲೆಯ ಮುಂದೆ ಕೂತು ಎರಡು ಸಲ ಓದಿದಳು. ನಾಲ್ಕನೆಯ ಹಾಳೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಇತ್ತು: ಓಣಿಯಲ್ಲಿ ಅನುಕೂಲವಾದ ಒಂದು ಮನೆಯನ್ನು ಆರಿಸಿ, ನೋಡಲು ಬರುವ ಮಂದಿಯನ್ನು ಅಲ್ಲಿ ಇಳಿಸಲಾಗುವುದು. ಆ ಮನೆಯ ಹೆಣ್ಣುಮಗಳಿಗೆ ಬೆಳಗಾವಿಯಲ್ಲಿ ಒಂದು ತಿಂಗಳ ತರಬೇತಿ. ಆಮೇಲೆ ಬರುವವರ ಊಟ ವಸತಿಯೆಲ್ಲ ಅವಳದೇ ಉದ್ಯೋಗ. ಓದಿ ಮುಗಿಸಿ ಅವಳು ಎದ್ದು ಹೋಗಿ ಕಾವಿಗೆ ಕೂತ ಕೋಳಿಯನ್ನು ಎತ್ತಿ ಹೊರಗಿಟ್ಟಿದ್ದಳು.

ಆದರೆ ಊರಿಗೆ ಬೇರೆಯದೇ ಅನುಭವವಿತ್ತು. ಬರೆದುಕೊಳ್ಳುವವರು ಬಂದರೆಂದರೆ ಅದು ಕಾರ್ಡಿನ ಸರ್ವೇ. ಮನೆಯಲ್ಲಿ ಫ್ಯಾನು ಕಂಡರೆ ಹಳದಿ ರೇಷನ್ ಕಾರ್ಡು ಹೋಯಿತು, ಎಮ್ಮೆ ಕಂಡರೆ ಸಾಲ ಹೋಯಿತು, ಪಾಯಖಾನಿ ಕಂಡರೆ ಪಾಯಖಾನಿಗೆ ಬರುವ ದುಡ್ಡು ಹೋಯಿತು. ಎರಡು ವರ್ಷದ ಹಿಂದೆ ಓಣಿಯ ಕೆಂಚವ್ವನ ಮನೆಗೆ ಬರೇ ನೀರು ಕುಡಿಯಲು ಬಂದವನೊಬ್ಬ, ಕುಡಿಯುವಾಗ ತಲೆ ಮೇಲೆತ್ತಿ ಫ್ಯಾನು ನೋಡಿದ್ದ. ಮುಂದಿನ ತಿಂಗಳೇ ಅವಳ ಕಾರ್ಡು ರದ್ದಾಗಿತ್ತು. ಅಂದಿನಿಂದ ಕೆಂಚವ್ವ ಗುರುತಿಲ್ಲದವರಿಗೆ ನೀರು ಕೊಟ್ಟರೆ ಅಂಗಳದಲ್ಲೇ ಕೊಡುವಳು.

"ಇದು ಕಾರ್ಡಿಂದಲ್ಲಂತ ಯವ್ವಾ, ಬೀಗರ ಗತೆ ಮಂದಿ ಬಂದು ಇರತಾರಂತ" ಎಂದು ಯಶೋಧಾ ಅವ್ವನಿಗೆ ಹೇಳಿದ್ದಳು. ಅವ್ವ ಅದನ್ನು ಕೆಂಚವ್ವನಿಗೆ ಹೇಳಿದಳು. ಕೆಂಚವ್ವ ನಕ್ಕಳು. "ಮೊದಲ ಹಂಗ ಹೇಳತಾರವಾ. ಗುರತ ಇಲ್ಲದ ಮಂದಿ ರೊಕ್ಕಾ ಕೊಟ್ಟು ನಮ್ಮನ್ಯಾಗ ಮಲಗತಾರ? ಅವರಿಗೇನ ಮನಿ ಇಲ್ಲೇನ?"

ಅವ್ವ ಅದನ್ನು ಬಂದು ಹೇಳಿದಾಗ ಯಶೋಧಾ ಗೋಡೆಗೆ ಸುಣ್ಣ ಕಲಸತೊಡಗಿದಳು.

ಈಗ, ಸಾರಿಸಿದ ನೆಲ ಇನ್ನೂ ಹಸಿಯಿರುವಾಗಲೇ, ಕೆಂಚವ್ವ ತಲೆಯ ಮೇಲೆ ಟೀವಿ ಹೊತ್ತು ಒಳಗೆ ಬಂದಳು. ಹಿಂದೆ ಪಂಚಾಯತಿ ಮೆಂಬರ ರಾಯಪ್ಪ, ಅವನ ಹಿಂದೆ ಒಂದು ಮಂಚ, ಮಂಚದ ಹಿಂದೆ ಇನ್ನೊಂದು ಮಂಚ.

"ಕೃಷ್ಣವ್ವಕ್ಕ, ನಿಮ್ಮದು ಓಣ್ಯಾಗ ಕಡೀ ಮನಿ" ಎಂದ ರಾಯಪ್ಪ. "ಇಪ್ಪತ್ತೆರಡನೇದು. ಅಕ್ಕೋರು ಇಲ್ಲಿಗೆ ಮುಟ್ಟೂದು ನಾಳೆ ಸಂಜಿಗೆ. ಅಷ್ಟರಾಗ ಒಬ್ಬೊಬ್ಬರೂ ತಮ್ಮ ಮನಿ ಬರಸಿ, ತಮ್ಮ ಸಾಮಾನ ತಾವು ಒಯ್ಯತಾರ. ಲೆಕ್ಕ ಪಕ್ಕಾ ಐತಿ."

ಬಾಗಿಲಿಗೆ ಬಂದವರಿಗೆ ಇಲ್ಲ ಎನ್ನುವುದು ಕೃಷ್ಣವ್ವನಿಗೂ ಬರುತ್ತಿರಲಿಲ್ಲ. ಮಗಳು ಆ ಗುಣವನ್ನು ಎಲ್ಲಿಂದ ತಂದಳೆಂದು ಹುಡುಕಬೇಕಾಗಿರಲಿಲ್ಲ. ಒಂಬತ್ತು ಗಂಟೆಯೊಳಗೆ ಖೋಲಿಯಲ್ಲಿ ಏಳು ಟೀವಿ, ಹದಿನಾಲ್ಕು ಮಂಚ, ಮೂರು ಹೊಲಿಗೆ ಮಷಿನ್ನು ಸೇರಿದವು. ತಾಮ್ರದ ಹಂಡೆಗಳು ಅಡುಗೆ ಮನೆಗೆ ಹೋದವು. ಜಾಗ ಸಾಲದಾದಾಗ, ಹಿತ್ತಲಲ್ಲಿ ಯಶೋಧಾಳ ಅಪ್ಪ ನೀಲಪ್ಪ ಕಟ್ಟಿಸಿದ್ದ ಪಾಯಖಾನಿಯಲ್ಲಿ ಮಿಕ್ಸರುಗಳನ್ನೂ ಗೋಡೆ ಗಡಿಯಾರಗಳನ್ನೂ ಜೋಡಿಸಿದರು. ನೀಲಪ್ಪ ಕಾಲುವೆಗೆ ನೀರು ಬಿಡುವ ಕೆಲಸದವನು, ಬೆಳಗಾಗುವ ಮೊದಲೇ ಹೋಗಿದ್ದ. ಅವನನ್ನು ಯಾರೂ ಕೇಳಲಿಲ್ಲ.

ಹಸಿ ನೆಲದ ಮೇಲೆ ಮೂವತ್ತು ಜೋಡಿ ಹೆಜ್ಜೆ ಮೂಡಿದವು. ನವಿಲಿನ ಮುಖಕ್ಕೆ ಒಂದು ಮಂಚದ ಕಾಲು ಒತ್ತಿ ನಿಂತಿತು. ಯಶೋಧಾ ಬಾಯಿ ತೆರೆದಳು. ಅಷ್ಟರಲ್ಲಿ ಮತ್ತೊಂದು ಮಂಚ ಬಂದದ್ದರಿಂದ, ಬಾಯಿ ಮುಚ್ಚಿ ದಾರಿ ಬಿಟ್ಟಳು.

ಹತ್ತರ ಬಸ್ಸಿಗೆ ಸಪ್ನಾ ಮೇಡಂ ಬಂದರು. ಕೈಯಲ್ಲಿ ಫಾರಂ, ಹೆಗಲಿಗೆ ಚೀಲ, ಕಾಲಲ್ಲಿ ಓಡುವವರ ಬೂಟು. ಯಶೋಧಾ ಬಾಗಿಲಿಗೆ ಸೀಮೆಸುಣ್ಣದಲ್ಲಿ ನಂಬರು ಹಾಕುತ್ತ ಅವರ ಹಿಂದೆ ನಡೆದಳು.

ಒಂದನೇ ಮನೆ ರಾಯಪ್ಪನದೇ. ಅವನ ಟೀವಿ ಬಾಗಿಲಿನಲ್ಲಿ ಹಿಡಿಸದಷ್ಟು ದೊಡ್ಡದಾಗಿದ್ದರಿಂದ ಅದನ್ನು ಹೊರಗೆ ಸಾಗಿಸಲು ಆಗಿರಲಿಲ್ಲ. ಮೂಲೆಯಲ್ಲಿ ಅದರ ಮೇಲೆ ಕೌದಿ ಹೊಚ್ಚಿ, ತಲೆದಿಂಬು ಇಟ್ಟಿದ್ದರು.

"ನಮ್ಮ ಮುದಕಿರಿ" ಎಂದ ರಾಯಪ್ಪ ಪಿಸುದನಿಯಲ್ಲಿ. "ಮೂರ ದಿನಾತು, ಎದ್ದಿಲ್ಲ."

ಮೇಡಂ ತಾವೂ ಪಿಸುದನಿಗೆ ಇಳಿದರು. "ಅತಿಥಿಗಳು ತಂಗಲು ನಿಮ್ಮಲ್ಲಿ ಸ್ಥಳಾವಕಾಶ ಇದೆಯೇ?"

"ನಮಗs ಜಾಗಾ ಇಲ್ರಿ ಅಕ್ಕೋರ. ಪಾಳಿ ಹಚ್ಚಿ ಮಲಗತೇವಿ."

"ಮಂಚ?"

"ಮಂಚ ಅಂದ್ರ ಹೆಂಗಿರತೈತ್ರಿ?"

ಆಗ ಹಿತ್ತಲ ಬಾಗಿಲಿನಿಂದ ಅವನ ಅವ್ವ ಮುದಕವ್ವ ಎಲೆ ಅಡಿಕೆ ಜಗಿಯುತ್ತ ಒಳಗೆ ಬಂದಳು. ಮೂಲೆ ನೋಡಿದಳು. "ರಾಯಾ, ಯಾರೋ ಅಲ್ಲಿ ನನ್ನ ಕೌದ್ಯಾಗ ಮಲಗ್ಯಾರ?"

ರಾಯಪ್ಪ ಒಂದು ಕ್ಷಣ ಇಬ್ಬರು ಮುದುಕಿಯರನ್ನೂ ನೋಡಿದ. "ಇಕಿ ತಂಗಿರಿ" ಎಂದ.

"ನನಗೆಲ್ಲಿ ತಂಗಿ ಅದಾಳೋ?" ಎಂದಳು ಮುದಕವ್ವ.

"ಮರವಿನ ಬ್ಯಾನಿರಿ" ಎಂದ ರಾಯಪ್ಪ, ಹಣೆ ಮುಟ್ಟಿ ತೋರಿಸಿ. ಮೇಡಂ ಮರುಕದಿಂದ ಮುದಕವ್ವನ ಕೈ ಹಿಡಿದರು. "ಆರೋಗ್ಯ ಸಮಸ್ಯೆ: ಇಬ್ಬರು" ಎಂದು ಬರೆದುಕೊಂಡರು. ಯಶೋಧಾ ಕೌದಿಯೊಳಗಿಂದ ಚಾಚಿಕೊಂಡ ಆಂಟೆನಾ ತಂತಿಯನ್ನೇ ನೋಡುತ್ತ ನಿಂತಿದ್ದಳು. ಹೇಳಬೇಕು ಎಂದುಕೊಂಡಳು. ರಾಯಪ್ಪ ಇವಳ ಕಡೆ ಕಣ್ಣು ಬಿಟ್ಟ. ಅವಳು ಹೊರಗೆ ಹೋಗಿ ಬಾಗಿಲಿನ ನಂಬರನ್ನು ಇನ್ನೊಮ್ಮೆ ತಿದ್ದಿದಳು.

ಎರಡನೇ ಮನೆ ಕೆಂಚವ್ವನದು. ಅಂಗಳದಲ್ಲಿ ಎಮ್ಮೆ ಮೆಲಕು ಹಾಕುತ್ತಿತ್ತು.

"ಎಮ್ಮೆ ನಿಮ್ಮದೇ?"

"ನಮ್ಮದಲ್ರಿ. ಬಂದು ನಿಂತೈತಿ."

"ಯಾವಾಗಿನಿಂದ?"

"ಆತ್ರಿ, ಒಂದ ನಾಕ ವರ್ಷ."

ಹಾಗೆಂದು ಬಂದವರಿಗೆ ಚಹಾ ಕೊಡದೆ ಕಳಿಸುವುದುಂಟೆ? ಮನೆಯಲ್ಲಿ ಸಕ್ಕರೆ ಇಲ್ಲ, ಹಾಲು ಇಲ್ಲ, ಒಲೆಗೆ ಕಟ್ಟಿಗೆ ಇಲ್ಲ ಎಂದು ಬರೆಸಿದ ಕೆಂಚವ್ವ ಅದೇ ಉಸಿರಿನಲ್ಲಿ ಕೆನೆಗಟ್ಟಿದ ಚಹಾದ ಕಪ್ಪು ತಂದು ಮುಂದಿಟ್ಟಳು. ಮೇಡಂ ಹಾಲು ಎಲ್ಲಿಯದೆಂದು ಕೇಳಿದರು. "ಬಂದು ನಿಂತೈತಲ್ರಿ, ಅದನ್ನs ಹಿಂಡಿದ್ವಿ. ಪಾಪ, ಕೆಚ್ಚಲ ಬಿಗೀತಿತ್ತು."

ಹೀಗೇ ಸಾಗಿತು. ಊರಲ್ಲಿ ನೋಡುವಂಥದ್ದು ಏನಿದೆ ಎಂದು ಮೇಡಂ ಕೇಳಿದರೆ, ಏನೂ ಇಲ್ಲ ಎಂದರು. ಡ್ಯಾಮು? "ಅದು ನಮ್ಮದಲ್ರಿ, ಸರಕಾರದ್ದು." ಕೋಟೆ? "ಅದು ಸವದತ್ತ್ಯಾರದ್ದು." ನವಿಲು? "ಇದ್ವು, ಈಗಿಲ್ರಿ" ಎಂದು ಐದನೇ ಮನೆಯ ಸೋಮವ್ವ ಹೇಳುತ್ತಿರುವಾಗಲೇ ಅವಳ ಮಾಳಿಗೆಯ ಮೇಲಿಂದ ನವಿಲೊಂದು ಓಣಿಯೆಲ್ಲ ಕೇಳುವಂತೆ ಕೂಗಿತು. ಸೋಮವ್ವ ಕಣ್ಣು ಮಿಟುಕಿಸದೆ, "ಅದು ಬ್ಯಾರೆ ಊರಿಂದರಿ, ಕೆಲಸಕ್ಕ ಬಂದೈತಿ" ಎಂದಳು. ಪ್ರತಿ ಮನೆಯವರೂ ಫಾರಂ ಕೆಳಗೆ ಸಹಿ ಹಾಕಿದರು, ಬಾರದವರು ಹೆಬ್ಬೆಟ್ಟು ಒತ್ತಿದರು.

ಒಂಬತ್ತನೇ ಮನೆ ಮುಗಿಯುವ ಹೊತ್ತಿಗೆ ಮೇಡಂ ಹೊಟ್ಟೆಯಲ್ಲಿ ಒಂಬತ್ತು ಕಪ್ಪು ಚಹಾ ಇತ್ತು. ಹತ್ತನೇ ಮನೆಯ ಹೊಸ್ತಿಲಲ್ಲಿ ಅವರು ನಿಂತುಬಿಟ್ಟರು. ಮುಖದ ಬಣ್ಣ ಬೇರೆಯಾಗಿತ್ತು.

"ಯಶೋಧಾ, ಇಲ್ಲಿ ಯಾರ ಮನೆಯಲ್ಲಾದರೂ ಶೌಚಾಲಯ..."

ಒಂಬತ್ತು ಮನೆಯವರೂ ಇಲ್ಲ ಎಂದು ಬರೆಸಿದ್ದರು. ಅದು ಸುಳ್ಳೂ ಆಗಿರಲಿಲ್ಲ. ಇಡೀ ಓಣಿಯಲ್ಲಿ ಇದ್ದದ್ದು ಒಂದೇ, ನೀಲಪ್ಪನದು. ಅದರೊಳಗೆ ಈಗ ಮಿಕ್ಸರು ಗಡಿಯಾರ ತುಂಬಿದ್ದವು. ಆದರೆ ಮೇಡಂ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದರು. ಇದು ಯೋಚಿಸುವ ಹೊತ್ತಾಗಿರಲಿಲ್ಲ. "ನಮ್ಮಲ್ಲಿ ಐತ್ರಿ" ಎಂದು ಅವಳು ಓಡಿದಳು. ಮೇಡಂ ಹಿಂದೆ ಓಡಿದರು. ಇದನ್ನು ಕಂಡ ರಾಯಪ್ಪ "ಅಯ್ಯಯ್ಯೋ" ಎನ್ನುತ್ತ ಅವರ ಹಿಂದೆ, ಓಣಿಯೆಲ್ಲ ರಾಯಪ್ಪನ ಹಿಂದೆ.

ಹಿತ್ತಲಿಗೆ ಮುಟ್ಟಿ ಮೇಡಂ ಬಾಗಿಲು ಎಳೆದರು. ಒಳಗೆ ಐದು ಮಿಕ್ಸರು, ಒಂಬತ್ತು ಗೋಡೆ ಗಡಿಯಾರ. ಅಷ್ಟರಲ್ಲಿ ಹನ್ನೆರಡಾಗಿದ್ದರಿಂದ ಒಂದು ಗಡಿಯಾರ ಗಂಟೆ ಬಾರಿಸಲು ಶುರು ಮಾಡಿತು. ಎರಡನೆಯದು ಅದಕ್ಕೆ ಸೇರಿಕೊಂಡಿತು. ಮೂರನೆಯದರಿಂದ ಹಕ್ಕಿಯೊಂದು ಹೊರಬಂದು ಮೇಡಂ ಮುಖಕ್ಕೆ ಕೂಗಿತು.

"ಇದೆಲ್ಲಾ ಏನು!" ಎಂದರು ಮೇಡಂ, ಅಳುವ ದನಿಯಲ್ಲಿ.

ಯಾರೂ ವಿವರಿಸಲು ನಿಲ್ಲಲಿಲ್ಲ. ಹೆಂಗಸರು ಸಾಲುಗಟ್ಟಿ ನಿಂತು, ಬಾವಿಯಿಂದ ಕೊಡ ದಾಟಿಸುವಂತೆ ಮಿಕ್ಸರು ಗಡಿಯಾರಗಳನ್ನು ಕೈಯಿಂದ ಕೈಗೆ ದಾಟಿಸಿದರು. ಎರಡೇ ನಿಮಿಷದಲ್ಲಿ ಜಾಗ ತೆರವಾಯಿತು. ಮೇಡಂ ಒಳಗೆ ಹೋಗಿ ಅಗಳಿ ಹಾಕಿಕೊಂಡರು. ಓಣಿಯ ಮಂದಿಯೆಲ್ಲ ಗಡಿಯಾರ ಅಪ್ಪಿಕೊಂಡು ಹೊರಗೆ ಕಾಯುತ್ತ ನಿಂತರು.

ಹೊರಬಂದ ಮೇಡಂ ಬೇರೆಯೇ ಮನುಷ್ಯರಾಗಿದ್ದರು. ಕೈ ತೊಳೆದು ಮುಖ ಒರೆಸಿಕೊಂಡು, ಆರಾಮಾಗಿ ಮನೆಯ ಒಳಗೆ ಕಾಲಿಟ್ಟರು. ಹಿಂದಿನ ಖೋಲಿಯ ಬಾಗಿಲಲ್ಲಿ ನಿಂತು ಎಣಿಸತೊಡಗಿದರು. ಏಳರ ತನಕ ಎಣಿಸಿ, ಮತ್ತೆ ಒಂದರಿಂದ ಶುರು ಮಾಡಿದರು.

"ಇವೆಲ್ಲ ಯಾರವು?"

ಹಿತ್ತಲಿಂದ, ಕಿಟಕಿಯಿಂದ, ಅಡುಗೆ ಮನೆಯಿಂದ ಓಣಿಯ ಮಂದಿ ಯಶೋಧಾಳನ್ನು ನೋಡಿದರು. ಯಾರೂ ಅವಳನ್ನು ಇಷ್ಟು ಹೊತ್ತು ನೋಡಿದ್ದಿಲ್ಲ. ನಿಜ ಹೇಳಿದರೆ ಓಣಿಗೆ ಓಣಿಯೇ ಸುಳ್ಳು ಬರೆಸಿದ್ದು ಬಯಲಾಗಿ, ನಾಳೆಯಿಂದ ನೀರಿಗೆ ಹೋದಲ್ಲಿ ಮುಖ ಎತ್ತಲು ಆಗುವುದಿಲ್ಲ. ಸುಳ್ಳು ಹೇಳಿದರೆ ಈ ಖೋಲಿ ಉಳಿಯುತ್ತದೆ. ಎರಡರಲ್ಲಿ ಯಾವ ಯೋಚನೆ ಮೊದಲು ಬಂತೋ ಅವಳಿಗೇ ತಿಳಿಯಲಿಲ್ಲ.

"ನಮ್ಮವರಿ" ಎಂದಳು. "ಎಲ್ಲಾ ನಮ್ಮವ."

"ಏಳು ಟೀವಿ?"

"ನಮ್ಮಪ್ಪಗ ಟೀವಿ ಅಂದ್ರ ಭಾಳ ಪ್ರೀತಿರಿ."

ಕೃಷ್ಣವ್ವ ಮಗಳ ಕಡೆ ತಿರುಗಿ ನೋಡಿದಳು. ಹತ್ತೊಂಬತ್ತು ವರ್ಷದಲ್ಲಿ ಈ ಹುಡುಗಿ ಒಟ್ಟಿಗೆ ಇಷ್ಟು ಮಾತಾಡಿದ್ದು ಅವಳಿಗೆ ನೆನಪಿರಲಿಲ್ಲ.

ಮೇಡಂ ಮಂಚವೊಂದರ ಮೇಲೆ ಕೂತರು, ಒತ್ತಿ ನೋಡಿದರು. ಫಾರಂ ಬದಿಗಿಟ್ಟು, ಅಂದು ಮೊದಲ ಸಲ ಪುಸ್ತಕದ ಮಾತು ಬಿಟ್ಟು ಮಾತಾಡಿದರು. "ನೋಡ್ರಿ, ನಾ ಉಳಿದ ಮನಿ ನೋಡೂದಿಲ್ಲ. ಇದs ಮನಿ. ಪಾಯಖಾನಿ ಐತಿ, ಹದಿನಾಲ್ಕ ಮಂಚ ಅದಾವ. ಶನಿವಾರ ನಮ್ಮ ಸರ್ ಮತ್ತ ಎಂಟ ಮಂದಿ ಹುಡುಗರು ಬಂದು ಎರಡ ದಿನ ಇಲ್ಲೇ ಇರತಾರ. ಸರ್ ಇಲ್ಲಿ ಮಲಗಿ ನೋಡಿ ಹೂಂ ಅಂದ್ರ, ಯಶೋಧಾ ಬೆಳಗಾವಿಗೆ. ಆಮ್ಯಾಲೆ ಬರೋ ಮಂದಿ ಎಲ್ಲಾ ಇಲ್ಲೇ ಇಳೀತಾರ, ರೊಕ್ಕಾ ಕೊಡತಾರ. ಊರಿಗೂ ಚಲೋ ಹೆಸರು."

ಓಣಿಗೆ ಈಗ ತಿಳಿಯಿತು. ತಿಳಿದದ್ದು ಎಲ್ಲರ ಮುಖದ ಮೇಲೆ ಏಕಕಾಲಕ್ಕೆ ಹಾದು ಹೋದದ್ದನ್ನು ಯಶೋಧಾ ನೋಡಿದಳು.

"ಅಂದ್ರ ಇದು ಕಾರ್ಡಿಂದಲ್ಲ?" ಎಂದಳು ಕೆಂಚವ್ವ.

"ಯಾವ ಕಾರ್ಡು?" ಎಂದರು ಮೇಡಂ.

ರಾಯಪ್ಪ ಕೆಮ್ಮಿ ಮುಂದೆ ಬಂದ. "ಅಕ್ಕೋರ, ನೀವು ಕುಂತೀರಲ್ಲ, ಆ ದೊಡ್ಡ ಮಂಚ. ಅದು ನಂದರಿ."

ಮೇಡಂ ಫಾರಂ ತಿರುವಿದರು. "ಮಂಚ ಅಂದ್ರ ಹೆಂಗಿರತೈತಿ ಅಂತ ಕೇಳಿದ್ರಲ್ರಿ ಮುಂಜಾನಿ? ಕೆಳಗ ಸಹಿನೂ ಮಾಡೀರಿ."

"ಈಗ ನೆನಪಾತ್ರಿ."

"ಆ ಎಮ್ಮಿ ನಂದರಿ ಅಕ್ಕೋರ!" ಎಂದಳು ಕೆಂಚವ್ವ. "ನಾಕ ವರ್ಷದ ಹಿಂದ ನಾನs ಕೊಂಡ ತಂದೇನಿ!"

ಮೇಡಂ ಹೆಬ್ಬೆಟ್ಟಿನ ಗುರುತು ತೋರಿಸಿ, ಎರಡರ ಬಸ್ಸಿಗೆ ಹೊರಟುಹೋದರು.

ಬಸ್ಸು ತಿರುವಿನಲ್ಲಿ ಮರೆಯಾಗುವ ಮೊದಲೇ ಓಣಿ ಖೋಲಿಗೆ ನುಗ್ಗಿತು. ಬಂದದ್ದಕ್ಕಿಂತ ಬೇಗ ಸಾಮಾನು ಹೋಯಿತು. ಅವಸರದಲ್ಲಿ ಕೃಷ್ಣವ್ವನ ಸ್ವಂತ ಹಂಡೆಯೂ ಹೋಗಿ, ಮರುದಿನ ಸೋಮವ್ವನ ಮನೆಯಲ್ಲಿ ಸಿಕ್ಕಿತು. ಸೋಮವ್ವ, "ಬಂದು ನಿಂತಿತ್ತು" ಎಂದಳು.

ಯಾರೂ ಕೃಷ್ಣವ್ವನ ಜೊತೆ ನೇರವಾಗಿ ಜಗಳ ಮಾಡಲಿಲ್ಲ. ಆದರೆ ಬುಧವಾರ ಕೆಂಚವ್ವ ಮೊಸರಿಗೆ ಹೆಪ್ಪು ಕೊಡಲಿಲ್ಲ. ಗುರುವಾರ ರಾಯಪ್ಪ, "ಏಳ ಟೀವಿ ಸಾವಕಾರರು ಹೊಂಟ್ರು" ಎಂದು ನೀಲಪ್ಪನಿಗೆ ಅಂದ. ನೀಲಪ್ಪನಿಗೆ ಏನೊಂದೂ ಗೊತ್ತಿರಲಿಲ್ಲ. ಮನೆಗೆ ಬಂದು, "ನಾ ಟೀವಿ ನೋಡಾಕ ಮಂದಿ ಮನಿಗೆ ಹೋಗಾಂವ, ನನಗ್ಯಾಕ ಹಂಗಂದ?" ಎಂದು ಕೇಳಿದ. ತಾಯಿ ಮಗಳು ಅವನಿಗೆ ಇನ್ನೊಂದು ರೊಟ್ಟಿ ಬಡಿಸಿದರು.

ಯಶೋಧಾ ಮನೆ ಮನೆಗೆ ಹೋದಳು. ಮಂಚ ಕೇಳಲೆಂದೇ ಹೋದಳು. ಪ್ರತಿ ಮನೆಯಲ್ಲೂ ಹೊಸ್ತಿಲ ಹೊರಗೆ ನಿಂತು, "ಆರಾಮ ಅದೀರಿ?" ಎಂದು ಕೇಳಿ, ಅವರು ಆರಾಮಿರುವುದನ್ನು ತಿಳಿದುಕೊಂಡು ಮರಳಿ ಬಂದಳು. ದರ್ಜಿ ಅಂಗಡಿಯ ಕೆಲಸ ಎರಡು ದಿನ ತಪ್ಪಿಸಿದಳು. ಅಂಗಡಿಯವನು ಟೆಂಪೋದವನ ಕೈಲಿ, ಸೋಮವಾರ ಬರದಿದ್ದರೆ ಬೇರೆ ಕಾಜಾ ನೋಡಿಕೊಳ್ಳುತ್ತೇನೆಂದು ಹೇಳಿ ಕಳಿಸಿದ.

ಶನಿವಾರ ಮುಂಜಾನೆ ಖೋಲಿಯಲ್ಲಿ ಎರಡು ಚಾಪೆ, ಮೂರು ಕೌದಿ, ಒಂದು ಹೂಜಿ ಇದ್ದವು. ಬರುವವರು ಒಂಬತ್ತು ಮಂದಿ. ಮೇಡಂ ಸರ್‌ಗೆ ಹದಿನಾಲ್ಕು ಮಂಚ ಎಂದು ಹೇಳಿರುತ್ತಾರೆ. ಅವ್ವ ಒಲೆಯ ಮುಂದೆ ಕೂತು ಒಂಬತ್ತು ಮಂದಿಗೆ ಆಗುವಷ್ಟು ರೊಟ್ಟಿ ಬಡಿಯುತ್ತಿದ್ದಳು. "ಒಬ್ಬರನ್ನರೆ ಕೇಳಬಾರದೇನ ನೀ" ಎಂದಳು, ಹಿಟ್ಟಿನ ಕಡೆಗೇ ನೋಡುತ್ತ.

ಯಶೋಧಾ ಹೊರಗೆ ಬಂದಳು.

ಓಣಿಯ ಎರಡೂ ಬದಿಗೆ, ಪ್ರತಿ ಮನೆಯ ಮುಂದೆ, ಬರುವವರನ್ನು ತಮ್ಮಲ್ಲೇ ಇಳಿಸಿಕೊಳ್ಳಲು ಮಂಚಗಳು ಹೊರಬಂದು ನಿಂತಿದ್ದವು. ಮಡಿ ಹಾಸಿಗೆ, ಕಸೂತಿ ಹಾಕಿದ ದಿಂಬು. ಕೆಂಚವ್ವ ತನ್ನ ಮಂಚದ ಮೇಲೆ ಟೀವಿಯನ್ನೂ ಇಟ್ಟು, ಕಿಟಕಿಯಿಂದ ವೈರು ಎಳೆದು ಹಚ್ಚಿದ್ದಳು. ಎಮ್ಮೆಯ ಕೊಂಬಿಗೆ ಬಣ್ಣ ಹೊಡೆದಿತ್ತು. ರಾಯಪ್ಪ ಮನೆಯ ಬಾಗಿಲು ಕಿತ್ತು ತನ್ನ ದೊಡ್ಡ ಟೀವಿಯನ್ನು ಹೊರಗೆ ತಂದು, ಅದರ ಪಕ್ಕದಲ್ಲಿ ಮುದಕವ್ವನನ್ನು ಹೊಸ ಸೀರೆ ಉಡಿಸಿ ಕೂಡಿಸಿದ್ದ. ಎಲ್ಲರೂ ತಮ್ಮ ತಮ್ಮ ಮಂಚದ ಬಳಿ ಕೈ ಕಟ್ಟಿ ನಿಂತು ಕಾಲುವೆ ರಸ್ತೆಯ ಕಡೆ ನೋಡುತ್ತಿದ್ದರು. ಧೂಳು ಕಾಣುತ್ತಿತ್ತು. ಧೂಳಿನೊಳಗೆ ಜೀಪು ಇತ್ತು.

ಯಶೋಧಾ ಓಣಿಯ ನಡುವೆ ನಡೆದು ಹೋದಳು. ಎಲ್ಲರಿಗೂ ಕೇಳುವಲ್ಲಿ ನಿಂತಳು. ತನ್ನ ದನಿ ಇಷ್ಟು ದೊಡ್ಡದಿದೆ ಎಂದು ಅವಳಿಗೆ ಗೊತ್ತಿರಲಿಲ್ಲ.

"ಎರಡs ದಿನದ ಮಟ್ಟಿಗೆ" ಎಂದಳು, "ನಮಗ ಮನಿಗೊಂದು ಮಂಚ ಕೊಡ್ರಿ."